ಥಾಮಸ್ ಬ್ಲಡ್

ಥಾಮಸ್ ಬ್ಲಡ್ (೧೬೧೮ – ೨೪ ಆಗಸ್ಟ್ ೧೬೮೦) ಆಂಗ್ಲೋ-ಐರಿಶ್ ಮೂಲದ ಸೈನಿಕ, ಸಂಚುಗಾರ ಹಾಗೂ ಬೇಹುಗಾರ. ಕರ್ನಲ್ ಬ್ಲಡ್ ಎಂಬ ಹೆಸರಿನಿಂದ ಪ್ರಸಿದ್ಧನಾದ ಈತನು ೯ ಮೇ ೧೬೭೧ರಂದು ಲಂಡನ್ ಟವರ್ ಎಂಬ ಕೋಟೆಯಿಂದ ಇಂಗ್ಲೆಂಡಿನ ರಾಜಾಭರಣಗಳನ್ನು ಕದ್ದೊಯ್ಯಲು ನಡೆಸಿದ ಪ್ರಯತ್ನದಿಂದಾಗಿ ಇತಿಹಾಸದಲ್ಲಿ ಉಳಿದಿದ್ದಾನೆ. ಕಿರೀಟದೊಂದಿಗೆ ಸಿಕ್ಕಿಬಿದ್ದರೂ ಈತನಿಗೆ ಶಿಕ್ಷೆಯಾಗಲಿಲ್ಲ. ಅರಸ ಎರಡನೇ ಚಾರ್ಲ್ಸ್ ಈತನನ್ನು ಖುದ್ದಾಗಿ ವಿಚಾರಿಸಿ, ಕ್ಷಮಾದಾನ ನೀಡಿ, ಐರ್ಲೆಂಡಿನಲ್ಲಿ ವರ್ಷಕ್ಕೆ ೫೦೦ ಪೌಂಡ್ ಆದಾಯವುಳ್ಳ ಭೂಮಿಯನ್ನೂ ದಯಪಾಲಿಸಿದನು. ಕಳವನ್ನು ತಡೆಯಲು ಹೋಗಿ ತೀವ್ರವಾಗಿ ಗಾಯಗೊಂಡ ವೃದ್ಧ ಕಾವಲುಗಾರ ಟಾಲ್ಬಟ್ ಎಡ್ವರ್ಡ್ಸ್‌ಗೆ ದೊರೆತ ಪರಿಹಾರ ಇದಕ್ಕಿಂತ ಬಹಳ ಕಡಿಮೆ. ಈ ವೈಪರೀತ್ಯದ ಕಾರಣಗಳು ೧೭ನೇ ಶತಮಾನದ ಇಂಗ್ಲೆಂಡಿನ ಅಂತರ್ಯುದ್ಧ, ಐರ್ಲೆಂಡಿನ ಭೂಹಂಚಿಕೆ ಮತ್ತು ಧಾರ್ಮಿಕ ಕಲಹಗಳಲ್ಲಿ ಅಡಗಿವೆ.

ಈ ಲೇಖನದಲ್ಲಿರುವ ದಿನಾಂಕಗಳು ಆಗಿನ ಇಂಗ್ಲೆಂಡಿನಲ್ಲಿ ಬಳಕೆಯಲ್ಲಿದ್ದ ಜೂಲಿಯನ್ ಪಂಚಾಂಗಕ್ಕೆ ಸೇರಿದವು.

ಆರಂಭಿಕ ಜೀವನ

ಬ್ಲಡ್ ಐರ್ಲೆಂಡಿನಲ್ಲಿ ನೆಲೆಸಿದ್ದ ಇಂಗ್ಲಿಷ್ ಮೂಲದ ಕುಟುಂಬವೊಂದರಲ್ಲಿ ಜನಿಸಿದನು. ಈತನ ಹುಟ್ಟೂರು ಕ್ಲೇರ್ ಕೌಂಟಿಯಲ್ಲಿತ್ತೆಂದು ಸಾಮಾನ್ಯವಾಗಿ ಹೇಳಲಾಗುತ್ತದೆ. ತಂದೆಯು ಕಮ್ಮಾರಿಕೆಯ ಉದ್ಯಮವನ್ನೂ ಜಮೀನನ್ನೂ ಹೊಂದಿದ್ದ ಅನುಕೂಲಸ್ಥ. ಅಜ್ಜನು ಐರಿಶ್ ಸಂಸತ್ತಿನ ಸದಸ್ಯನಾಗಿದ್ದು, ಕ್ಲೇರ್ ಕೌಂಟಿಯ ಕಿಲ್ನಬಾಯ್ ಕೋಟೆಯಲ್ಲಿ ವಾಸಿಸುತ್ತಿದ್ದನು. ಮೀತ್ ಕೌಂಟಿಯ ಡನ್‌ಬಾಯ್ನ್ ಸಮೀಪದ ಸಾರ್ನಿ ಎಂಬಲ್ಲಿಯೂ ಕುಟುಂಬಕ್ಕೆ ಆಸ್ತಿಯಿತ್ತು. ಬ್ಲಡ್‌ನ ಬಾಲ್ಯದ ಒಂದು ಭಾಗ ಅಲ್ಲಿಯೇ ಕಳೆಯಿತು.

ಈತನ ವಿದ್ಯಾಭ್ಯಾಸ ಇಂಗ್ಲೆಂಡಿನ ಲ್ಯಾಂಕಶೈರ್‌ನಲ್ಲಿ ನಡೆಯಿತು. ಅದೇ ಪ್ರಾಂತದ ಗೋಲ್‌ಬೋರ್ನ್‌ನ ಗಣ್ಯ ಗೃಹಸ್ಥ ಜಾನ್ ಹಾಲ್‌ಕ್ರಾಫ್ಟ್‌ನ ಮಗಳು ಮಾರಿಯಾಳನ್ನು ಈತನು ವಿವಾಹವಾದನು. ಧರ್ಮದ ವಿಷಯದಲ್ಲಿ ಬ್ಲಡ್ ಪ್ರೆಸ್ಬಿಟೇರಿಯನ್ ಪಂಥದ ಕಡೆಗೆ ಒಲವುಳ್ಳವನಾಗಿದ್ದನು. ಇಂಗ್ಲೆಂಡಿನ ಅಧಿಕೃತ ಚರ್ಚಿನ ಬಿಷಪ್ ವ್ಯವಸ್ಥೆಯನ್ನು ಒಪ್ಪದ ಈ ಪಂಥದವರೊಂದಿಗೆ ಈತನಿಗಿದ್ದ ನಂಟು ಮುಂದಿನ ಬದುಕಿನ ಬಹುತೇಕ ಎಲ್ಲ ಸಂಚುಗಳಲ್ಲಿಯೂ ಕಂಡುಬರುತ್ತದೆ.

ಅಂತರ್ಯುದ್ಧ ಮತ್ತು ಭೂಮಿಯ ಪ್ರಶ್ನೆ

೧೬೪೨ರಲ್ಲಿ ಅರಸ ಒಂದನೇ ಚಾರ್ಲ್ಸ್ ಮತ್ತು ಸಂಸತ್ತಿನ ನಡುವೆ ಅಂತರ್ಯುದ್ಧ ಆರಂಭವಾದಾಗ ಬ್ಲಡ್ ಮೊದಲು ಅರಸನ ಪಕ್ಷದಲ್ಲಿದ್ದನು. ಯುದ್ಧ ಮುಂದುವರಿದಂತೆ ಪಕ್ಷ ಬದಲಿಸಿ ಸಂಸತ್ತಿನ ಸೇನೆಯನ್ನು ಸೇರಿದನು. ೧೬೪೯ರಲ್ಲಿ ಒಂದನೇ ಚಾರ್ಲ್ಸ್‌ನ ಶಿರಚ್ಛೇದವಾಗಿ ಇಂಗ್ಲೆಂಡ್ ಗಣರಾಜ್ಯವಾಯಿತು. ಗಣರಾಜ್ಯದ ಸೇನಾಪತಿ ಆಲಿವರ್ ಕ್ರಾಮ್‌ವೆಲ್ ಐರ್ಲೆಂಡನ್ನು ಗೆದ್ದನು. ಯುದ್ಧದ ಕೊನೆಯಲ್ಲಿ, ೧೬೫೩ರ ಹೊತ್ತಿಗೆ, ಬ್ಲಡ್‌ಗೆ ಸೇವೆಯ ಪ್ರತಿಫಲವಾಗಿ ಭೂಮಿ ದೊರೆಯಿತು. ಸ್ಥಳೀಯ ನ್ಯಾಯಪಾಲಕನ ಹುದ್ದೆಯೂ ದೊರೆಯಿತು.

ಈ ಭೂಮಿಯ ಹಿಂದೆ ಒಂದು ದೊಡ್ಡ ಸ್ಥಿತ್ಯಂತರವಿತ್ತು. ಐರ್ಲೆಂಡಿನ ವಿಜಯದ ನಂತರ ೧೬೫೨ರಲ್ಲಿ ಜಾರಿಯಾದ ಕಾಯಿದೆಯೊಂದರ ಪ್ರಕಾರ, ಮುಖ್ಯವಾಗಿ ಕ್ಯಾಥೊಲಿಕ್ ಭೂಮಾಲೀಕರಿಂದ ಜಮೀನನ್ನು ಮುಟ್ಟುಗೋಲು ಹಾಕಿಕೊಳ್ಳಲಾಯಿತು. ಸಂಬಳ ಬಾಕಿಯಿದ್ದ ಸೈನಿಕರಿಗೂ ಯುದ್ಧಕ್ಕೆ ಸಾಲ ಕೊಟ್ಟಿದ್ದ ಹಣವಂತರಿಗೂ ಅದನ್ನು ಹಂಚಲಾಯಿತು. ಹೀಗೆ ಹೊಸದಾಗಿ ಜಮೀನು ಪಡೆದವರ ಸ್ಥಿತಿ ಗಣರಾಜ್ಯದ ಅಳಿವು ಉಳಿವನ್ನೇ ಅವಲಂಬಿಸಿತ್ತು.

೧೬೬೦ರಲ್ಲಿ ಎರಡನೇ ಚಾರ್ಲ್ಸ್ ಸಿಂಹಾಸನಕ್ಕೆ ಮರಳಿದನು. ಅವನ ಆಳ್ವಿಕೆಯಲ್ಲಿ ಜಾರಿಗೆ ಬಂದ ೧೬೬೨ರ ಭೂವ್ಯವಸ್ಥೆ ಕಾಯಿದೆಯು, ಅರಸನಿಗೆ ನಿಷ್ಠರಾಗಿದ್ದು ಭೂಮಿ ಕಳೆದುಕೊಂಡಿದ್ದವರ ಪೈಕಿ ಕೆಲವರಿಗಾದರೂ ಅದನ್ನು ಹಿಂದಿರುಗಿಸಲು ಅವಕಾಶ ಕಲ್ಪಿಸಿತು. ಹಂಚಬೇಕಾದ ಭೂಮಿ ಸೀಮಿತವಾಗಿದ್ದು ಹಕ್ಕುದಾರರು ಅದಕ್ಕಿಂತ ಹೆಚ್ಚಾಗಿದ್ದುದರಿಂದ ಎರಡೂ ಕಡೆಯವರಿಗೆ ಅಸಮಾಧಾನವಾಯಿತು. ಜಮೀನು ಬಿಟ್ಟುಕೊಡಬೇಕಾಗಿ ಬಂದವರಲ್ಲಿ ಬ್ಲಡ್ ಒಬ್ಬನು. ಈತನ ಆರ್ಥಿಕ ಸ್ಥಿತಿ ಕುಸಿಯಿತು. ಕಾಯಿದೆಯ ಜಾರಿಯ ಹೊಣೆ ಹೊತ್ತಿದ್ದವನು ಅರಸನ ಪರವಾಗಿ ಐರ್ಲೆಂಡನ್ನು ಆಳುತ್ತಿದ್ದ ಲಾರ್ಡ್ ಲೆಫ್ಟಿನೆಂಟ್, ಆರ್ಮಂಡ್‌ನ ಡ್ಯೂಕ್ ಜೇಮ್ಸ್ ಬಟ್ಲರ್. ತನ್ನ ನಷ್ಟಕ್ಕೆ ಈ ಡ್ಯೂಕ್‌ನೇ ಕಾರಣನೆಂದು ಬ್ಲಡ್ ಭಾವಿಸಿದನು. ಆ ಹಗೆ ಮುಂದೆ ಹಲವು ವರ್ಷಗಳ ಕಾಲ ಉಳಿಯಿತು.

ಡಬ್ಲಿನ್ ಕೋಟೆಯ ಸಂಚು

೧೬೬೩ರಲ್ಲಿ ಬ್ಲಡ್ ತನ್ನಂತೆಯೇ ಅತೃಪ್ತರಾಗಿದ್ದ ಕ್ರಾಮ್‌ವೆಲ್ ಪಕ್ಷದ ಮಾಜಿ ಸೈನಿಕರನ್ನು ಒಟ್ಟುಗೂಡಿಸಿದನು. ಆಡಳಿತದ ಕೇಂದ್ರವಾಗಿದ್ದ ಡಬ್ಲಿನ್ ಕೋಟೆಯನ್ನು ವಶಪಡಿಸಿಕೊಂಡು ಡ್ಯೂಕ್‌ನನ್ನು ಸೆರೆಹಿಡಿಯುವುದು ಇವರ ಯೋಜನೆಯಾಗಿತ್ತು. ಕೆಲವರು ಅರ್ಜಿದಾರರ ವೇಷದಲ್ಲಿ ಕೋಟೆಯೊಳಗೆ ಸೇರಬೇಕು. ರೊಟ್ಟಿ ಮಾರುವವನ ವೇಷದಲ್ಲಿ ಒಬ್ಬನು ಬಾಗಿಲ ಬಳಿ ಎಡವಿ ಬಿದ್ದವನಂತೆ ನಟಿಸಿ ಬುಟ್ಟಿಯನ್ನು ಚೆಲ್ಲಬೇಕು. ಕಾವಲುಗಾರರು ರೊಟ್ಟಿ ಆರಿಸಿಕೊಳ್ಳಲು ಮುಂದಾದಾಗ ಉಳಿದವರು ನುಗ್ಗಬೇಕು. ಸಂಚಿನ ಸುಳಿವು ಮೊದಲೇ ಸರ್ಕಾರಕ್ಕೆ ತಲುಪಿದ್ದರಿಂದ ಮೇ ತಿಂಗಳಲ್ಲಿ ನಡೆಯಬೇಕಿದ್ದ ದಾಳಿ ವಿಫಲವಾಯಿತು.

ಸಂಚುಗಾರರಲ್ಲಿ ಅನೇಕರು ಬಂಧಿತರಾದರು. ಐರಿಶ್ ಸಂಸತ್ತಿನ ಸದಸ್ಯ ಅಲೆಕ್ಸಾಂಡರ್ ಜೆಫ್ಸನ್ ಸೇರಿದಂತೆ ಹಲವರಿಗೆ ಮರಣದಂಡನೆಯಾಯಿತು. ಬ್ಲಡ್‌ನ ಹತ್ತಿರದ ಬಂಧುವಾಗಿದ್ದ ಲೆಕಿ ಎಂಬ ಪ್ರೆಸ್ಬಿಟೇರಿಯನ್ ಪಾದ್ರಿಯೂ ಗಲ್ಲಿಗೇರಿದನು. ಬ್ಲಡ್ ಮಾತ್ರ ಬೆಟ್ಟಗುಡ್ಡಗಳಲ್ಲಿ ತಲೆಮರೆಸಿಕೊಂಡು, ಕೊನೆಗೆ ಡಚ್ಚರ ನಾಡಿಗೆ ಪಲಾಯನ ಮಾಡಿದನು.

ತಲೆಮರೆಸಿಕೊಂಡ ವರ್ಷಗಳು

ಮುಂದಿನ ಏಳು ವರ್ಷಗಳ ಕಾಲ ಬ್ಲಡ್ ಹೆಸರು ಮತ್ತು ವೇಷ ಬದಲಿಸುತ್ತ ಬದುಕಿದನು. ಇಂಗ್ಲೆಂಡಿನ ಶತ್ರುವಾಗಿದ್ದ ಡಚ್ ಗಣರಾಜ್ಯದಲ್ಲಿ ಅಡ್ಮಿರಲ್ ಡಿ ರೈಟರ್‌ನ ಪರಿಚಯ ಈತನಿಗಾಯಿತೆಂದು ಹೇಳಲಾಗುತ್ತದೆ. ೧೬೬೬ರಲ್ಲಿ ಸ್ಕಾಟ್ಲೆಂಡಿನ ಪ್ರೆಸ್ಬಿಟೇರಿಯನ್ನರು ನಡೆಸಿದ ಪೆಂಟ್‌ಲೆಂಡ್ ಬಂಡಾಯದೊಂದಿಗೂ ಈತನ ಹೆಸರು ಸೇರಿಕೊಂಡಿದೆ.

೧೬೬೭ರ ಜುಲೈನಲ್ಲಿ ಈತನ ಸಾಹಸವೊಂದು ಸರ್ಕಾರದ ಗಮನವನ್ನು ವಿಶೇಷವಾಗಿ ಸೆಳೆಯಿತು. ಹಳೆಯ ಸಂಗಾತಿ ಕ್ಯಾಪ್ಟನ್ ಜಾನ್ ಮೇಸನ್‌ನನ್ನು ವಿಚಾರಣೆಗಾಗಿ ಲಂಡನ್ನಿನಿಂದ ಯಾರ್ಕ್ ನಗರಕ್ಕೆ ಸೈನಿಕರ ಕಾವಲಿನಲ್ಲಿ ಕರೆದೊಯ್ಯಲಾಗುತ್ತಿತ್ತು. ಬ್ಲಡ್ ಮತ್ತು ಕೆಲವು ಜೊತೆಗಾರರು ಯಾರ್ಕ್‌ಶೈರ್‌ನ ಡ್ಯಾರಿಂಗ್ಟನ್ ಗ್ರಾಮದ ಸಮೀಪ ಕುದುರೆಯ ಮೇಲೆ ಎರಗಿ, ಕಾದಾಡಿ, ಮೇಸನ್‌ನನ್ನು ಬಿಡಿಸಿಕೊಂಡರು. ಈ ಕಾಳಗದಲ್ಲಿ ಬ್ಲಡ್‌ಗೆ ತೀವ್ರ ಗಾಯಗಳಾದರೂ ಪಾರಾದನು. ಸರ್ಕಾರವನ್ನು ವಿರೋಧಿಸುತ್ತಿದ್ದ ಧಾರ್ಮಿಕ ಪಂಗಡಗಳಲ್ಲಿ ಈತನ ಹೆಸರು ಬೆಳೆಯಲು ಈ ಘಟನೆ ಕಾರಣವಾಯಿತು.

ಇದರ ನಂತರ ಬ್ಲಡ್ ಲಂಡನ್ನಿನ ಪೂರ್ವಕ್ಕಿರುವ ರಾಮ್‌ಫರ್ಡ್‌ನಲ್ಲಿ ಅಯ್ಲಫ್ ಎಂಬ ಹೆಸರಿನಿಂದ ವೈದ್ಯನಂತೆ ನೆಲೆಸಿದನು. ಆಸ್ಥಾನದಲ್ಲಿ ಆರ್ಮಂಡ್ ಡ್ಯೂಕ್‌ನ ಎದುರಾಳಿಯಾಗಿದ್ದ ಬಕಿಂಗ್‌ಹ್ಯಾಮ್‌ನ ಡ್ಯೂಕ್ ಜಾರ್ಜ್ ವಿಲಿಯರ್ಸ್‌ನೊಂದಿಗೆ ಈತನಿಗೆ ಸಂಪರ್ಕವಿತ್ತೆಂದು ಸಮಕಾಲೀನರು ಶಂಕಿಸಿದ್ದರು.

ಆರ್ಮಂಡ್ ಡ್ಯೂಕ್‌ನ ಅಪಹರಣ

ಆರ್ಮಂಡ್ ಡ್ಯೂಕ್ ೧೬೬೯ರಲ್ಲಿ ಐರ್ಲೆಂಡಿನ ಅಧಿಕಾರ ಕಳೆದುಕೊಂಡು ಲಂಡನ್ನಿನಲ್ಲಿ ವಾಸಿಸುತ್ತಿದ್ದನು. ೬ ಡಿಸೆಂಬರ್ ೧೬೭೦ರ ರಾತ್ರಿ ಅವನು ಆರೆಂಜ್ ರಾಜಕುಮಾರ ವಿಲಿಯಂನ ಗೌರವಾರ್ಥ ಏರ್ಪಟ್ಟಿದ್ದ ಔತಣವನ್ನು ಮುಗಿಸಿ ಕುದುರೆಗಾಡಿಯಲ್ಲಿ ಮರಳುತ್ತಿದ್ದನು. ಸೇಂಟ್ ಜೇಮ್ಸ್ ಬೀದಿಯಲ್ಲಿ ಬ್ಲಡ್ ಮತ್ತು ಸಂಗಡಿಗರು ಗಾಡಿಯನ್ನು ತಡೆದು, ೬೦ ವರ್ಷದ ಡ್ಯೂಕ್‌ನನ್ನು ಹೊರಗೆಳೆದರು. ತಮ್ಮಲ್ಲೊಬ್ಬನ ಕುದುರೆಯ ಮೇಲೆ ಅವನನ್ನು ಸವಾರನ ಹಿಂದೆ ಕಟ್ಟಿ ಕೂರಿಸಿ ಪಿಕಡಿಲಿ ರಸ್ತೆಯಲ್ಲಿ ಸಾಗಿದರು.

ಸಾಮಾನ್ಯ ಅಪರಾಧಿಗಳನ್ನು ನೇಣಿಗೇರಿಸುತ್ತಿದ್ದ ಟೈಬರ್ನ್ ಎಂಬ ಸ್ಥಳದಲ್ಲಿ ಡ್ಯೂಕ್‌ನನ್ನು ಗಲ್ಲಿಗೇರಿಸುವುದು ಅವರ ಉದ್ದೇಶವಾಗಿತ್ತೆಂದು ವೃತ್ತಾಂತಗಳು ಹೇಳುತ್ತವೆ. ಡ್ಯೂಕ್ ಸವಾರನೊಂದಿಗೆ ಸೆಣಸಿ ಇಬ್ಬರೂ ಕೆಳಗೆ ಬಿದ್ದರು. ಅಷ್ಟರಲ್ಲಿ ಸೇವಕರು ಧಾವಿಸಿ ಬಂದುದರಿಂದ ಅವನ ಪ್ರಾಣ ಉಳಿಯಿತು. ದಾಳಿಕೋರರ ಸುಳಿವು ಕೊಟ್ಟವರಿಗೆ ೧೦೦೦ ಪೌಂಡ್ ಬಹುಮಾನ ಘೋಷಿಸಲಾಯಿತಾದರೂ ಯಾರೂ ಸಿಗಲಿಲ್ಲ. ಡ್ಯೂಕ್‌ನ ಮಗನಾದ ಆಸರಿಯ ಅರ್ಲ್, ಇದರ ಹಿಂದೆ ಬಕಿಂಗ್‌ಹ್ಯಾಮ್‌ನ ಕೈವಾಡವಿದೆಯೆಂದು ಅರಸನ ಸಮ್ಮುಖದಲ್ಲಿಯೇ ಆರೋಪಿಸಿದನು. ತನ್ನ ತಂದೆ ಕೊಲೆಯಾದರೆ ಬಕಿಂಗ್‌ಹ್ಯಾಮ್‌ನನ್ನು ಗುಂಡಿಟ್ಟು ಕೊಲ್ಲುವುದಾಗಿಯೂ ಎಚ್ಚರಿಸಿದನು.

ರಾಜಾಭರಣಗಳ ಹಿನ್ನೆಲೆ

ಬ್ಲಡ್ ಕದಿಯಲು ಹೊರಟ ಆಭರಣಗಳು ಆಗ ಕೇವಲ ಹತ್ತು ವರ್ಷ ಹಳೆಯವು. ಒಂದನೇ ಚಾರ್ಲ್ಸ್‌ನ ವಧೆಯ ನಂತರ ಸಂಸತ್ತು ಹಳೆಯ ರಾಜಚಿಹ್ನೆಗಳನ್ನು ಒಡೆಸಿತು. ಚಿನ್ನವನ್ನು ಕರಗಿಸಿ ನಾಣ್ಯ ಟಂಕಿಸಲಾಯಿತು. ರತ್ನಗಳನ್ನು ಮಾರಲಾಯಿತು. ಅರಸೊತ್ತಿಗೆ ಮತ್ತೆಂದೂ ಬರಬಾರದೆಂಬುದರ ಸಂಕೇತವಾಗಿಯೂ ಈ ಕ್ರಮವನ್ನು ಕೈಗೊಳ್ಳಲಾಗಿತ್ತು. ೧೨ನೇ ಶತಮಾನದ ಒಂದು ಅಭಿಷೇಕದ ಚಮಚ ಮತ್ತು ಮೂರು ಖಡ್ಗಗಳಂತಹ ಕೆಲವೇ ವಸ್ತುಗಳು ಉಳಿದವು.

ಎರಡನೇ ಚಾರ್ಲ್ಸ್‌ನ ೧೬೬೧ರ ಪಟ್ಟಾಭಿಷೇಕಕ್ಕಾಗಿ ಅಕ್ಕಸಾಲಿಗ ರಾಬರ್ಟ್ ವೈನರ್ ಹೊಸ ಕಿರೀಟ, ರಾಜದಂಡ, ರಾಜಗೋಳ ಮುಂತಾದವುಗಳನ್ನು ಒದಗಿಸಿದನು. ಇದಕ್ಕೆ ೧೨,೦೦೦ ಪೌಂಡ್‌ಗೂ ಹೆಚ್ಚು ವೆಚ್ಚವಾಯಿತು. ಮರುಸ್ಥಾಪಿತವಾದ ಅರಸೊತ್ತಿಗೆಗೆ ಈ ವಸ್ತುಗಳು ತನ್ನ ಹಕ್ಕಿನ ಕಣ್ಣಿಗೆ ಕಾಣುವ ಸಾಕ್ಷಿಯಾಗಿದ್ದವು. ಆದ್ದರಿಂದಲೇ ಅವುಗಳ ಕಳವನ್ನು ರಾಜದ್ರೋಹವೆಂದೇ ಎಣಿಸಬಹುದಾಗಿತ್ತು.

ಆಭರಣಗಳನ್ನು ಲಂಡನ್ ಟವರ್‌ನ ಮಾರ್ಟಿನ್ ಗೋಪುರದಲ್ಲಿ ಇರಿಸಿ, ೧೬೬೯ರಿಂದ ಸಾರ್ವಜನಿಕರ ವೀಕ್ಷಣೆಗೂ ಅವಕಾಶ ನೀಡಲಾಗಿತ್ತು. ಆಭರಣಾಲಯದ ಮುಖ್ಯಾಧಿಕಾರಿ ಸರ್ ಗಿಲ್ಬರ್ಟ್ ಟಾಲ್ಬಟ್. ಅವನ ಪರವಾಗಿ ನಿತ್ಯದ ಮೇಲ್ವಿಚಾರಣೆ ನೋಡುತ್ತಿದ್ದವನು ಅವನ ಹಳೆಯ ಸೇವಕ, ೭೭ ವರ್ಷದ ಟಾಲ್ಬಟ್ ಎಡ್ವರ್ಡ್ಸ್. ಎಡ್ವರ್ಡ್ಸ್‌ಗೆ ಕ್ರಮಬದ್ಧವಾದ ಸಂಬಳವಿರಲಿಲ್ಲ. ನೋಡಲು ಬಂದವರು ಕೊಡುವ ಶುಲ್ಕವೇ ಆದಾಯ. ನೆಲ ಅಂತಸ್ತಿನಲ್ಲಿ ಕಬ್ಬಿಣದ ಸರಳುಗಳ ಹಿಂದೆ ಆಭರಣಗಳಿದ್ದವು. ಮೇಲಿನ ಅಂತಸ್ತಿನಲ್ಲಿ ಎಡ್ವರ್ಡ್ಸ್ ಪತ್ನಿ ಮತ್ತು ಮಗಳೊಂದಿಗೆ ವಾಸವಾಗಿದ್ದನು. ಆಭರಣಗಳಿಗೆ ಬೇರೆ ಕಾವಲಿರಲಿಲ್ಲ. ಬಂದವರನ್ನು ನಂಬಿ ಒಳಗೆ ಬಿಡುವುದು ಎಡ್ವರ್ಡ್ಸ್‌ನ ಜೀವನೋಪಾಯವೇ ಆಗಿದ್ದುದು ಭದ್ರತೆಯ ದೊಡ್ಡ ದೌರ್ಬಲ್ಯವಾಗಿತ್ತು.

೧೬೭೧ರ ಕಳವಿನ ಪ್ರಯತ್ನ

೧೬೭೧ರ ವಸಂತದಲ್ಲಿ ಬ್ಲಡ್ ಪಾದ್ರಿಯ ವೇಷ ಧರಿಸಿ, ಪತ್ನಿಯೆಂದು ಹೇಳಿಕೊಂಡ ಮಹಿಳೆಯೊಬ್ಬಳೊಂದಿಗೆ ಆಭರಣಗಳನ್ನು ನೋಡಲು ಬಂದನು. ನೋಡುತ್ತಿರುವಾಗಲೇ ಆಕೆಗೆ ಹೊಟ್ಟೆನೋವು ಬಂದಂತೆ ನಟನೆಯಾಯಿತು. ಎಡ್ವರ್ಡ್ಸ್‌ನ ಪತ್ನಿ ಆಕೆಯನ್ನು ಮೇಲಿನ ಮನೆಗೆ ಕರೆದೊಯ್ದು ಉಪಚರಿಸಿದಳು. ಕೆಲವು ದಿನಗಳ ನಂತರ ಬ್ಲಡ್ ಕೃತಜ್ಞತೆಯ ಕುರುಹಾಗಿ ನಾಲ್ಕು ಜೊತೆ ಬಿಳಿಯ ಕೈಗವಸುಗಳನ್ನು ತಂದುಕೊಟ್ಟನು. ಹೀಗೆ ಮನೆಯವರ ಸ್ನೇಹ ಬೆಳೆಯಿತು.

ಸ್ನೇಹ ಬಲವಾದ ಮೇಲೆ ಬ್ಲಡ್, ವರ್ಷಕ್ಕೆ ನೂರಾರು ಪೌಂಡ್ ವರಮಾನವುಳ್ಳ ತನ್ನ ಸೋದರಳಿಯನೊಬ್ಬನಿಗೆ ಎಡ್ವರ್ಡ್ಸ್‌ನ ಮಗಳನ್ನು ತಂದುಕೊಳ್ಳುವ ಪ್ರಸ್ತಾಪವನ್ನು ಮುಂದಿಟ್ಟನು. ಶುಲ್ಕದ ಹಣದಲ್ಲಿ ಬದುಕುತ್ತಿದ್ದ ಕುಟುಂಬಕ್ಕೆ ಇದು ಅನಿರೀಕ್ಷಿತ ಭಾಗ್ಯವೆನಿಸಿತು. ಮನೆಯಲ್ಲಿದ್ದ ಒಂದು ಜೊತೆ ಪಿಸ್ತೂಲುಗಳನ್ನು ಮೆಚ್ಚಿದಂತೆ ನಟಿಸಿ ಬ್ಲಡ್ ಅವುಗಳನ್ನು ಕೊಂಡುಕೊಂಡನು. ಇದರಿಂದ ಎಡ್ವರ್ಡ್ಸ್ ಬಳಿ ಇದ್ದ ಆಯುಧವೂ ಇಲ್ಲದಂತಾಯಿತು.

೯ ಮೇ ೧೬೭೧ರ ಬೆಳಿಗ್ಗೆ ಸುಮಾರು ೭ ಗಂಟೆಗೆ, ವರನನ್ನು ತೋರಿಸುವ ನೆಪದಲ್ಲಿ ಬ್ಲಡ್ ಮೂವರು ಸಂಗಡಿಗರೊಂದಿಗೆ ಬಂದನು. ಅವರಲ್ಲಿ ರಾಬರ್ಟ್ ಪೆರಟ್ ಒಬ್ಬನು. ಹಂಟ್ ಎಂಬ ಹೆಸರಿನ ಯುವಕ ಮತ್ತೊಬ್ಬನು. ಈತನು ಬ್ಲಡ್‌ನ ಮಗನೆಂದು ಅನೇಕ ಇತಿಹಾಸಕಾರರು ಗುರುತಿಸುತ್ತಾರೆ. ಅವರ ಊರುಗೋಲುಗಳಲ್ಲಿ ಕತ್ತಿಗಳೂ, ಬಟ್ಟೆಯೊಳಗೆ ಕಠಾರಿ ಮತ್ತು ಪಿಸ್ತೂಲುಗಳೂ ಅಡಗಿದ್ದವು. ಒಬ್ಬನು ಕಾವಲಿಗಾಗಿ ಬಾಗಿಲಲ್ಲಿ ನಿಂತನು. ವರನನ್ನು ನೋಡಿಬರಲು ಮಗಳು ಕಳುಹಿಸಿದ ಸೇವಕಿ, ಬಾಗಿಲಲ್ಲಿ ನಿಂತವನನ್ನೇ ವರನೆಂದು ಭಾವಿಸಿ ಮರಳಿದಳೆಂದು ಹಳೆಯ ವೃತ್ತಾಂತವೊಂದು ಹೇಳುತ್ತದೆ.

ಊಟ ಸಿದ್ಧವಾಗುವವರೆಗೆ ಗೆಳೆಯರಿಗೆ ಆಭರಣಗಳನ್ನು ತೋರಿಸುವಂತೆ ಬ್ಲಡ್ ಕೋರಿದನು. ಎಡ್ವರ್ಡ್ಸ್ ಒಳಗೆ ಕರೆದೊಯ್ದೊಡನೆ ಬಾಗಿಲು ಮುಚ್ಚಿ, ಅವನ ತಲೆಯ ಮೇಲೆ ನಿಲುವಂಗಿ ಎಸೆದು ಬಾಯಿಗೆ ತುರುಕು ಹಾಕಿದರು. ಸುಮ್ಮನಿದ್ದರೆ ಪ್ರಾಣ ಉಳಿಯುವುದೆಂಬ ಮಾತಿಗೆ ವೃದ್ಧನು ಒಪ್ಪದೆ ಸದ್ದು ಮಾಡಲು ಹೆಣಗಿದನು. ಆಗ ಮರದ ಕೊಡತಿಯಿಂದ ಹೊಡೆದು, ಕಠಾರಿಯಿಂದ ಇರಿದು, ಸತ್ತನೆಂದು ತಿಳಿದು ಬಿಟ್ಟರು.

ಸಾಮಾನ್ಯವಾಗಿ ಸೇಂಟ್ ಎಡ್ವರ್ಡ್ ಕಿರೀಟವೆಂದು ಗುರುತಿಸಲಾಗುವ ಕಿರೀಟವನ್ನು ಬ್ಲಡ್ ಅದೇ ಕೊಡತಿಯಿಂದ ಚಪ್ಪಟೆಗೊಳಿಸಿ ಪಾದ್ರಿಯ ನಿಲುವಂಗಿಯೊಳಗೆ ಅಡಗಿಸಿಕೊಂಡನು. ಪೆರಟ್ ರಾಜಗೋಳವನ್ನು ತನ್ನ ಷರಾಯಿಯೊಳಗೆ ತುರುಕಿಕೊಂಡನು. ರಾಜದಂಡವು ಚೀಲದಲ್ಲಿ ಹಿಡಿಸದಷ್ಟು ಉದ್ದವಾಗಿದ್ದುದರಿಂದ ಅದನ್ನು ಅರದಿಂದ ಉಜ್ಜಿ ಎರಡು ತುಂಡು ಮಾಡಲು ತೊಡಗಿದರು.

ಅದೇ ಹೊತ್ತಿಗೆ, ಹೊರನಾಡಿನಲ್ಲಿ ಸೈನಿಕ ಸೇವೆಯಲ್ಲಿದ್ದ ಎಡ್ವರ್ಡ್ಸ್‌ನ ಮಗನು ಮನೆಗೆ ಬಂದನು. ಕಾವಲಿಗೆ ನಿಂತವನು ಎಚ್ಚರಿಕೆ ನೀಡಿದ್ದರಿಂದ ಕಳ್ಳರು ರಾಜದಂಡವನ್ನು ಬಿಟ್ಟು ಹೊರಟರು. ಎಡ್ವರ್ಡ್ಸ್ ಬಾಯಿಯ ತುರುಕನ್ನು ಕಿತ್ತು ಕೂಗಿಕೊಂಡನು. ಕೋಟೆಯಲ್ಲಿ ಕೋಲಾಹಲವೆದ್ದಿತು. ಕಳ್ಳರು ತಾವೂ ಕಳ್ಳರನ್ನು ಹಿಡಿಯುವಂತೆ ಕೂಗುತ್ತ ಕಾವಲಿನವರನ್ನು ಗೊಂದಲಕ್ಕೀಡುಮಾಡಿದರೆಂದು ಹೇಳಲಾಗಿದೆ. ತಡೆಯಲು ಬಂದ ಕಾವಲುಗಾರನೊಬ್ಬನ ಮೇಲೆ ಗುಂಡು ಹಾರಿಸಿ, ಕುದುರೆಗಳಿದ್ದ ಕಡೆಗೆ ನದೀತೀರದ ಕಟ್ಟೆಯ ಮೇಲೆ ಓಡಿದರು. ಸ್ವೀಡನ್ ಮೂಲದ ಸೇನಾ ಎಂಜಿನಿಯರ್ ಕ್ಯಾಪ್ಟನ್ ಮಾರ್ಟಿನ್ ಬೆಕ್ಮನ್ ಅವರನ್ನು ಬೆನ್ನಟ್ಟಿದನು. ಬ್ಲಡ್ ಹಾರಿಸಿದ ಗುಂಡು ಗುರಿ ತಪ್ಪಿತು. ಸೆಣಸಾಟದ ನಂತರ ಬ್ಲಡ್ ಕಿರೀಟದೊಂದಿಗೆ ಸೆರೆಸಿಕ್ಕನು. ಪೆರಟ್ ಮತ್ತು ಹಂಟ್ ಕೂಡ ಬಂಧಿತರಾದರು. ಕಿರೀಟದಿಂದ ಕಳಚಿ ಬಿದ್ದಿದ್ದ ರತ್ನಗಳಲ್ಲಿ ಹಲವು ಆಮೇಲೆ ದೊರೆತವು.

ಅರಸನ ಮುಂದೆ ವಿಚಾರಣೆ

ಬಂಧನದ ನಂತರ ಬ್ಲಡ್, ಅರಸನಿಗಲ್ಲದೆ ಬೇರೆ ಯಾರಿಗೂ ಉತ್ತರ ಕೊಡುವುದಿಲ್ಲವೆಂದು ಹಟ ಹಿಡಿದನು. ಅಚ್ಚರಿಯೆಂಬಂತೆ ಚಾರ್ಲ್ಸ್ ಇದಕ್ಕೆ ಒಪ್ಪಿದನು. ೧೨ ಮೇ ೧೬೭೧ರಂದು ಬ್ಲಡ್‌ನನ್ನು ಸಂಕೋಲೆಯೊಂದಿಗೆ ವೈಟ್‌ಹಾಲ್ ಅರಮನೆಗೆ ಕರೆತರಲಾಯಿತು. ಅರಸನ ತಮ್ಮನಾದ ಯಾರ್ಕ್ ಡ್ಯೂಕ್ ಮತ್ತು ಬಂಧು ರಾಜಕುಮಾರ ರೂಪರ್ಟ್ ಕೂಡ ಉಪಸ್ಥಿತರಿದ್ದರು.

ಆರ್ಮಂಡ್ ಡ್ಯೂಕ್‌ನ ಮೇಲಿನ ದಾಳಿಯನ್ನು ಬ್ಲಡ್ ಒಪ್ಪಿಕೊಂಡನು. ಆದರೆ ಉಳಿದ ಸಂಗಡಿಗರ ಹೆಸರು ಹೇಳಲು ನಿರಾಕರಿಸಿದನು. ಹಿಂದೊಮ್ಮೆ ಬ್ಯಾಟರ್‌ಸೀ ಬಳಿ ಥೇಮ್ಸ್ ನದಿಯಲ್ಲಿ ಅರಸನು ಸ್ನಾನ ಮಾಡುವಾಗ ಕೊಲ್ಲಲು ಜೊಂಡಿನಲ್ಲಿ ಅಡಗಿ ಕುಳಿತಿದ್ದುದಾಗಿಯೂ, ರಾಜಕಳೆಯನ್ನು ಕಂಡು ಕೈ ತಡೆಯಿತೆಂದೂ ತಿಳಿಸಿದನು. ತನ್ನನ್ನು ಕೊಂದರೆ ನೂರಾರು ಸಂಗಾತಿಗಳು ಸೇಡು ತೀರಿಸಿಕೊಳ್ಳುವರೆಂದೂ, ಉಳಿಸಿದರೆ ಅವರ ನಿಷ್ಠೆ ಅರಸನಿಗೆ ಸಲ್ಲುವುದೆಂದೂ ಸೂಚಿಸಿದನು. ಈ ಮಾತುಗಳಲ್ಲಿ ಹೊಗಳಿಕೆ, ಬೆದರಿಕೆ, ಸೇವೆಯ ಭರವಸೆ ಮೂರೂ ಬೆರೆತಿದ್ದವು.

ಆ ಬೇಸಿಗೆಯಲ್ಲಿಯೇ ಬ್ಲಡ್ ಬಿಡುಗಡೆಯಾದನು. ಹಳೆಯ ಅಪರಾಧಗಳಿಗೂ ಕ್ಷಮಾದಾನ ದೊರೆಯಿತು. ಸಂಗಡಿಗರಿಗೂ ಮರಣದಂಡನೆಯಾಗಲಿಲ್ಲ. ತನ್ನ ಮೇಲಿನ ದಾಳಿಯನ್ನು ಕ್ಷಮಿಸುವಂತೆ ಅರಸನ ಕಡೆಯಿಂದ ಸೂಚನೆ ಬಂದಾಗ ಆರ್ಮಂಡ್ ಡ್ಯೂಕ್, ಅರಸನೇ ಕಿರೀಟದ ಕಳವನ್ನು ಮನ್ನಿಸಿರುವಾಗ ತನ್ನ ಪ್ರಾಣದ ವಿಷಯವನ್ನು ತಾನು ಮನ್ನಿಸುವುದು ಕಷ್ಟವಲ್ಲವೆಂಬ ಅರ್ಥದ ಉತ್ತರ ಕೊಟ್ಟನು.

ಕ್ಷಮಾದಾನದ ಕಾರಣಗಳು

ಕಳ್ಳನ ಧೈರ್ಯ ಮತ್ತು ಮಾತುಗಾರಿಕೆಗೆ ವಿನೋದಪ್ರಿಯನಾದ ಚಾರ್ಲ್ಸ್ ಮಾರುಹೋದನೆಂಬುದು ಜನಪ್ರಿಯ ವಿವರಣೆ. ಅರಸನೇ ಹಣದ ಅಗತ್ಯಕ್ಕಾಗಿ ಈ ಕಳವನ್ನು ಮಾಡಿಸಿದನೆಂಬ ವದಂತಿಯೂ ಹರಡಿತ್ತು. ಇದಕ್ಕೆ ದೃಢವಾದ ಆಧಾರವಿಲ್ಲ.

ಇತಿಹಾಸಕಾರರು ಹೆಚ್ಚಾಗಿ ಒಪ್ಪುವುದು ರಾಜಕೀಯ ಕಾರಣವನ್ನು. ಚಾರ್ಲ್ಸ್ ೧೬೭೦ರಲ್ಲಿ ಫ್ರಾನ್ಸಿನೊಂದಿಗೆ ರಹಸ್ಯ ಒಪ್ಪಂದ ಮಾಡಿಕೊಂಡು ಡಚ್ಚರ ವಿರುದ್ಧ ಯುದ್ಧಕ್ಕೆ ಸಿದ್ಧನಾಗುತ್ತಿದ್ದನು. ಡಚ್ಚರಂತೆಯೇ ಪ್ರಾಟೆಸ್ಟಂಟರಾಗಿದ್ದ, ಅಧಿಕೃತ ಚರ್ಚನ್ನು ಒಪ್ಪದ ಪಂಗಡಗಳು ಯುದ್ಧಕಾಲದಲ್ಲಿ ದಂಗೆಯೇಳಬಹುದೆಂಬ ಭಯ ಸರ್ಕಾರಕ್ಕಿತ್ತು. ಆ ಪಂಗಡಗಳ ಒಳಗನ್ನು ಬ್ಲಡ್‌ನಷ್ಟು ಬಲ್ಲವರು ವಿರಳ. ಗಲ್ಲಿಗೇರಿಸಿದರೆ ಆತನು ಅವರ ದೃಷ್ಟಿಯಲ್ಲಿ ಹುತಾತ್ಮನಾಗುತ್ತಿದ್ದನು. ಉಳಿಸಿಕೊಂಡರೆ ಸರ್ಕಾರದ ಕಣ್ಣು ಕಿವಿಯಾಗುತ್ತಿದ್ದನು. ಬಿಡುಗಡೆಯ ನಂತರ ಬ್ಲಡ್, ಮಂತ್ರಿ ಆರ್ಲಿಂಗ್ಟನ್ ಮತ್ತು ಗುಪ್ತಮಾಹಿತಿಯ ಕಾರ್ಯ ನೋಡುತ್ತಿದ್ದ ಜೋಸೆಫ್ ವಿಲಿಯಮ್ಸನ್ ಇವರಿಗೆ ಮಾಹಿತಿದಾರನಾಗಿ ಕೆಲಸ ಮಾಡಿದುದು ಈ ವಿವರಣೆಯನ್ನು ಪುಷ್ಟೀಕರಿಸುತ್ತದೆ. ೧೬೭೨ರಲ್ಲಿ ಅರಸನು ಧಾರ್ಮಿಕ ರಿಯಾಯಿತಿಯ ಘೋಷಣೆ ಹೊರಡಿಸಿದಾಗ, ಈ ಪಂಗಡಗಳ ಬೋಧಕರಿಗೆ ಪರವಾನಗಿ ಕೊಡಿಸುವ ಮಧ್ಯವರ್ತಿಯಾಗಿಯೂ ಬ್ಲಡ್ ದುಡಿದನು.

ಭೂಮಿಯ ದೃಷ್ಟಿಯಿಂದಲೂ ಈ ಕ್ಷಮಾದಾನ ಗಮನಾರ್ಹ. ೧೬೬೨ರ ಕಾಯಿದೆಯಿಂದ ಜಮೀನು ಕಳೆದುಕೊಂಡ ಬ್ಲಡ್ ಬಂಡಾಯ, ಅಪಹರಣ, ಕಳವುಗಳ ದಾರಿ ಹಿಡಿದು, ಒಂಬತ್ತು ವರ್ಷಗಳ ನಂತರ ಅದೇ ಸರ್ಕಾರದಿಂದ ಐರ್ಲೆಂಡಿನಲ್ಲಿಯೇ ಭೂಮಿಯ ಆದಾಯ ಪಡೆದನು. ೧೬೬೩ರ ಸಂಚಿನಲ್ಲಿ ಈತನ ಜೊತೆಗಿದ್ದವರು ಅದೇ ಬೇಡಿಕೆಗಾಗಿ ಗಲ್ಲಿಗೇರಿದ್ದರು.

ಟಾಲ್ಬಟ್ ಎಡ್ವರ್ಡ್ಸ್‌ನ ಪಾಡು

ಎಡ್ವರ್ಡ್ಸ್ ಗಾಯಗಳಿಂದ ಚೇತರಿಸಿಕೊಂಡನು. ಅವನಿಗೆ ೨೦೦ ಪೌಂಡ್ ಮತ್ತು ಮಗನಿಗೆ ೧೦೦ ಪೌಂಡ್ ಇನಾಮು ಮಂಜೂರಾಯಿತು. ಆದರೆ ಖಜಾನೆಯಿಂದ ಹಣ ಸಕಾಲಕ್ಕೆ ಬರಲಿಲ್ಲ. ಚಿಕಿತ್ಸೆಯ ವೆಚ್ಚಕ್ಕೆ ಬೇರೆ ದಾರಿ ಕಾಣದೆ ಅವರು ತಮ್ಮ ಹಣದ ಹಕ್ಕುಪತ್ರಗಳನ್ನು ಅರ್ಧ ಬೆಲೆಗೆ ಮಾರಿಕೊಳ್ಳಬೇಕಾಯಿತೆಂದು ಹಳೆಯ ವೃತ್ತಾಂತಗಳು ತಿಳಿಸುತ್ತವೆ. ಎಡ್ವರ್ಡ್ಸ್ ೧೬೭೪ರಲ್ಲಿ ಮರಣ ಹೊಂದಿದನು. ಲಂಡನ್ ಟವರ್‌ನ ಒಳಗಿರುವ ಸೇಂಟ್ ಪೀಟರ್ ಆಡ್ ವಿಂಕ್ಯುಲಾ ಪ್ರಾರ್ಥನಾಮಂದಿರದಲ್ಲಿ ಅವನ ಸಮಾಧಿಯಿದೆ.

ಕೊನೆಯ ವರ್ಷಗಳು ಮತ್ತು ಮರಣ

ಕ್ಷಮಾದಾನದ ನಂತರ ಬ್ಲಡ್ ಲಂಡನ್ನಿನಲ್ಲಿ ಬಹಿರಂಗವಾಗಿ ಓಡಾಡಿಕೊಂಡಿದ್ದನು. ಅರಮನೆಯಲ್ಲಿಯೂ ಕಾಣಿಸಿಕೊಳ್ಳುತ್ತಿದ್ದನು. ಖಜಾನೆಯ ಹಿರಿಯ ಅಧಿಕಾರಿಯ ಮನೆಯ ಭೋಜನದಲ್ಲಿ ಈತನನ್ನು ಕಂಡುದನ್ನು ಜಾನ್ ಎವೆಲಿನ್ ತನ್ನ ದಿನಚರಿಯಲ್ಲಿ ಅಚ್ಚರಿಯಿಂದ ದಾಖಲಿಸಿದ್ದಾನೆ. ಆಸ್ಥಾನಕವಿ ಎನಿಸಿದ್ದ ರಾಚೆಸ್ಟರ್ ಅರ್ಲ್ ಬ್ಲಡ್‌ನ ಕುರಿತು ವಿಡಂಬನೆಯ ಸಾಲುಗಳನ್ನು ಬರೆದನು. ಅರಸನ ಬಳಿ ಕೆಲಸ ಮಾಡಿಸಿಕೊಳ್ಳಲು ಬಯಸಿದವರು ಬ್ಲಡ್‌ನ ನೆರವು ಕೋರುತ್ತಿದ್ದರೆಂದೂ ಹೇಳಲಾಗಿದೆ.

೧೬೭೯ರ ಹೊತ್ತಿಗೆ ಬ್ಲಡ್ ಮತ್ತು ಬಕಿಂಗ್‌ಹ್ಯಾಮ್ ಡ್ಯೂಕ್ ನಡುವೆ ವೈಮನಸ್ಯ ಬೆಳೆಯಿತು. ತನ್ನ ಮೇಲೆ ಸುಳ್ಳು ಆರೋಪ ಹೊರಿಸುವ ಸಂಚಿನಲ್ಲಿ ಬ್ಲಡ್ ಭಾಗಿಯಾಗಿದ್ದಾನೆಂದು ಡ್ಯೂಕ್ ೧೦,೦೦೦ ಪೌಂಡ್ ಮಾನನಷ್ಟದ ದಾವೆ ಹೂಡಿದನು. ಬ್ಲಡ್ ತಪ್ಪಿತಸ್ಥನೆಂದು ತೀರ್ಮಾನವಾಗಿ ಸೆರೆಮನೆ ಸೇರಿದನು. ೧೬೮೦ರ ಜುಲೈನಲ್ಲಿ ಜಾಮೀನಿನ ಮೇಲೆ ಹೊರಬಂದನಾದರೂ ಆರೋಗ್ಯ ಕೆಟ್ಟಿತ್ತು. ಆಗಸ್ಟ್ ೨೨ರಂದು ಪ್ರಜ್ಞೆ ತಪ್ಪಿ, ೨೪ರಂದು ವೆಸ್ಟ್‌ಮಿನ್‌ಸ್ಟರ್‌ನ ತನ್ನ ಮನೆಯಲ್ಲಿ ನಿಧನನಾದನು. ಪರಿಹಾರದ ಹಣವನ್ನು ಈತನು ಪಾವತಿಸಲೇ ಇಲ್ಲ.

ಸಾಲದಿಂದ ತಪ್ಪಿಸಿಕೊಳ್ಳಲು ಬ್ಲಡ್ ಸತ್ತಂತೆ ನಟಿಸಿದ್ದಾನೆಂಬ ಗುಮಾನಿ ಹರಡಿತು. ಆದ್ದರಿಂದ ಹೂಳಿದ್ದ ದೇಹವನ್ನು ಅಧಿಕಾರಿಗಳು ಹೊರತೆಗೆಸಿ, ಅದು ಬ್ಲಡ್‌ನದೇ ಎಂದು ಖಚಿತಪಡಿಸಿಕೊಂಡ ಮೇಲೆ ಮತ್ತೆ ಸಮಾಧಿ ಮಾಡಿಸಿದರು.

ಕುಟುಂಬ

ಬ್ಲಡ್‌ನ ಮಕ್ಕಳಲ್ಲಿ ಹಾಲ್‌ಕ್ರಾಫ್ಟ್ ಬ್ಲಡ್ ಪ್ರಸಿದ್ಧ ಸೇನಾ ಎಂಜಿನಿಯರ್ ಆದನು. ತಂದೆಯನ್ನು ಹಿಡಿದ ಮಾರ್ಟಿನ್ ಬೆಕ್ಮನ್ ಮುಖ್ಯ ಎಂಜಿನಿಯರ್ ಆಗಿದ್ದ ಇಲಾಖೆಯಲ್ಲಿಯೇ ಈತನು ಸೇವೆ ಸಲ್ಲಿಸಿದನು. ೧೭೦೪ರ ಬ್ಲೆನ್‌ಹೀಮ್ ಕದನದಲ್ಲಿ ಇಂಗ್ಲಿಷ್ ಫಿರಂಗಿದಳದ ನಾಯಕತ್ವ ವಹಿಸಿ, ಬ್ರಿಗೇಡಿಯರ್ ಜನರಲ್ ಪದವಿಗೇರಿದನು. ತಂದೆಯ ಕರ್ನಲ್ ಎಂಬ ಬಿರುದು ತಾನೇ ಇಟ್ಟುಕೊಂಡದ್ದೆಂದು ಪರಿಗಣಿಸಲಾಗಿದೆ. ಅಂತರ್ಯುದ್ಧದಲ್ಲಿ ಆತನಿಗಿದ್ದುದು ಇದಕ್ಕಿಂತ ಕೆಳಗಿನ ಹುದ್ದೆ.

ಪರಿಣಾಮ ಮತ್ತು ನೆನಪು

ಈ ಘಟನೆಯ ನಂತರ ಆಭರಣಗಳಿಗೆ ಸಶಸ್ತ್ರ ಕಾವಲು ಏರ್ಪಟ್ಟಿತು. ೧೮೪೧ರಲ್ಲಿ ಸಮೀಪದ ಶಸ್ತ್ರಾಗಾರಕ್ಕೆ ಬೆಂಕಿ ಬೀಳುವವರೆಗೂ ಅವು ಮಾರ್ಟಿನ್ ಗೋಪುರದಲ್ಲಿಯೇ ಇದ್ದವು. ಅನಂತರ ಅವುಗಳಿಗೆ ಬೇರೆ ಕಟ್ಟಡ ಒದಗಿಸಲಾಯಿತು. ಈಗ ಅವು ಲಂಡನ್ ಟವರ್‌ನ ವಾಟರ್‌ಲೂ ಕಟ್ಟಡದಲ್ಲಿರುವ ಆಭರಣಾಲಯದಲ್ಲಿವೆ. ಹಾನಿಗೊಂಡ ವಸ್ತುಗಳನ್ನು ದುರಸ್ತಿ ಮಾಡಲಾಯಿತು. ೧೬೬೧ರಲ್ಲಿ ಮಾಡಿದ ಸೇಂಟ್ ಎಡ್ವರ್ಡ್ ಕಿರೀಟ, ರಾಜಗೋಳ ಮತ್ತು ರಾಜದಂಡ ೨೦೨೩ರ ಮೇ ತಿಂಗಳಲ್ಲಿ ಮೂರನೇ ಚಾರ್ಲ್ಸ್‌ನ ಪಟ್ಟಾಭಿಷೇಕದಲ್ಲಿಯೂ ಬಳಕೆಯಾದವು.

ಸರ್ ವಾಲ್ಟರ್ ಸ್ಕಾಟ್‌ನ ಪೆವೆರಿಲ್ ಆಫ್ ದಿ ಪೀಕ್ ಕಾದಂಬರಿಯಲ್ಲಿ ಬ್ಲಡ್ ಒಂದು ಪಾತ್ರವಾಗಿದ್ದಾನೆ. ಕರ್ನಲ್ ಬ್ಲಡ್ ಎಂಬ ಬ್ರಿಟಿಷ್ ಚಲನಚಿತ್ರ ೧೯೩೪ರಲ್ಲಿ ತೆರೆಕಂಡಿತು. ಜನಪ್ರಿಯ ಕಥನಗಳು ಬ್ಲಡ್‌ನನ್ನು ಅರಸನನ್ನೇ ಮೆಚ್ಚಿಸಿದ ಚತುರ ಕಳ್ಳನನ್ನಾಗಿ ಚಿತ್ರಿಸುತ್ತವೆ. ಐತಿಹಾಸಿಕ ಅಧ್ಯಯನಗಳು ಈ ಪ್ರಕರಣವನ್ನು ಅಪರಾಧಿಯನ್ನು ದಂಡಿಸುವುದಕ್ಕಿಂತ ಬಳಸಿಕೊಳ್ಳುವುದೇ ಲಾಭಕರವೆಂದು ಸರ್ಕಾರವೊಂದು ನಿರ್ಧರಿಸಿದ್ದಕ್ಕೆ ಉದಾಹರಣೆಯಾಗಿ ಪರಿಶೀಲಿಸುತ್ತವೆ.